ಕುವೈತಿನಿಂದ ಬಂದ ತೊಗಲು

೧೯೬೪ ಅಕ್ಟೋಬರ್ ೧೮, ಆದಿತ್ಯವಾರ

ಬೆಳ್ತಂಗಡಿ ತಾಲೂಕು ಕಚೇರಿಯ ರಿಜಿಸ್ಟರುಗಳ ಅಂಚು ಕತ್ತರಿಸಿದಾಗ ಉಳಿದ ಹಾಳೆಗಳನ್ನು ಹೊಲಿದು ಈ ಪುಸ್ತಕ ಮಾಡಿದ್ದೇನೆ. ಅಗಲ ನಾಲ್ಕು ಬೆರಳು ಮಾತ್ರ. ಬಂಟ್ವಾಳ ಪೇಟೆಯ ಎಲ್ಲರ ಪುಸ್ತಕಗಳಿಗೆ ಬೈಂಡು ಹಾಕಿಕೊಡುವ ಮಹಮ್ಮದ್ ಕುಂಞಿಗೆ ತನ್ನದೆಂದು ಒಂದು ಪುಸ್ತಕ ಇರಲಿಲ್ಲ. ಈಗ ಇದೆ. ಬೇರೆ ಯಾರೂ ಓದಬೇಕಾಗಿಲ್ಲ.

ನಿನ್ನೆ ಕುವೈತಿನಿಂದ ಕಾಗದ ಬಂತು. ನನಗಲ್ಲ, ನನ್ನ ಹೆಂಡತಿ ಖದೀಜಳಿಗೆ. ಅವಳಿಗೆ ಕನ್ನಡ ಅಕ್ಷರ ಬಾರದು. ಮಗ ಹಸನಬ್ಬನಿಗೆ ಬರೆಯಲು ಬರುವುದು ಕನ್ನಡ ಮಾತ್ರ. ಹಾಗಾಗಿ ಮಗಳು ಜುಲೈಕಾ ಓದುತ್ತಾಳೆ, ತಾಯಿ ಕೇಳುತ್ತಾಳೆ, ನಾನು ಬೆನ್ನು ತಿರುಗಿಸಿ ಕೂತು ಕೆಲಸ ಮಾಡುತ್ತೇನೆ. ಮೂರು ವರ್ಷದಿಂದ ಇದೇ ಪದ್ಧತಿ. ಅವನ ಕಾಗದವನ್ನು ನಾನು ಕೇಳುವುದಿಲ್ಲ.

ಕಾಗದದಲ್ಲಿ ಇದ್ದದ್ದು ಇಷ್ಟು. ಅವನು ಕ್ಷೇಮ. ಒಂದು ಕೋಣೆಯಲ್ಲಿ ಆರು ಜನ ಇದ್ದಾರೆ. ಬರುವ ತಿಂಗಳು ಅಲ್ಲಿ ಅರಬ್ ದೇಶಗಳ ಫುಟ್ಬಾಲ್ ಪಂದ್ಯಾಟವಂತೆ. ಕುವೈತ್, ಇರಾಕ್, ಲಿಬಿಯಾ, ಜೋರ್ಡಾನ್, ಲೆಬನಾನ್, ಒಟ್ಟು ಐದು ದೇಶ. ಇವನಿಗೆ ಮೈದಾನಕ್ಕೆ ನೀರು ಹಾಕುವ ಲಾರಿಯಲ್ಲಿ ಕೆಲಸ ಸಿಕ್ಕಿದೆ. ನೀರು ಹಾಕಿ ಮಣ್ಣು ಕೂತ ಮೇಲೆ ಸುಣ್ಣದ ಗೆರೆ ಎಳೆಯುವವನೂ ಇವನೇ. ಆಟದ ಹೊತ್ತಿಗೆ ಕೆಲಸದವರನ್ನೂ ಒಳಗೆ ನಿಲ್ಲಲು ಬಿಡುತ್ತಾರಂತೆ. ‘ಉಮ್ಮ, ನಾನು ಎಳೆದ ಗೆರೆಯ ಒಳಗೆ ಐದು ದೇಶದವರು ಆಡುತ್ತಾರೆ’ ಎಂದು ಬರೆದಿದ್ದಾನೆ. ಕೊನೆಯಲ್ಲಿ ಎಂದಿನಂತೆ ‘ಮನೆಯಲ್ಲಿ ಎಲ್ಲರಿಗೂ ಸಲಾಂ’. ಎಲ್ಲರಿಗೂ ಎಂದರೆ ಯಾರ್ಯಾರಿಗೆ ಎಂದು ಬರೆದಿಲ್ಲ.

ಗೆರೆಯ ಮಾತನ್ನು ಜುಲೈಕಾ ಎರಡು ಸಲ ಓದಿದಳು. ಎರಡನೆಯ ಸಲ ಸ್ವಲ್ಪ ಗಟ್ಟಿಯಾಗಿ. ನಾನು ಅಂಟಿನ ಪಾತ್ರೆ ಕದಡುತ್ತಾ ಇದ್ದೆ.

ಅಕ್ಟೋಬರ್ ೨೦

ಹಾಳೆ ನನ್ನದೇ ಆದ ಮೇಲೆ ಬರೆದೇ ಬಿಡುತ್ತೇನೆ. ೧೯೬೧ರ ಡಿಸೆಂಬರಿನಲ್ಲಿ, ಕೊಯ್ಲು ಮುಗಿದ ಗದ್ದೆಯಲ್ಲಿ, ಮೂಡಬಿದಿರೆಯವರ ಜೊತೆ ನಮ್ಮ ಪೇಟೆಯ ಹುಡುಗರ ಫುಟ್ಬಾಲ್ ಇತ್ತು. ಹಿಂದಿನ ದಿನ ಚೆಂಡು ಹರಿಯಿತು. ಹಸನಬ್ಬನಿಗೆ ಆಗ ಹದಿನೇಳು. ದಬ್ಬಣ ಹಿಡಿಯಲು ನನ್ನಿಂದಲೇ ಕಲಿತವನು. ಪಳ್ಳಿಯಲ್ಲಿ ನಮಾಜು ಮಾಡಿಸುವ ಉಸ್ತಾದರು ಅಲ್ಲಿಯ ದೊಡ್ಡ ಕುರ್‌ಆನಿಗೆ ಹೊದಿಸಲೆಂದು ತರಿಸಿಕೊಟ್ಟಿದ್ದ ಆಡಿನ ತೊಗಲು ಮೇಲಿನ ಹಲಗೆಯಲ್ಲಿತ್ತು. ಅದರ ನಡುವಿನಿಂದಲೇ ಅಂಗೈಯಗಲ ಕತ್ತರಿಸಿ ಚೆಂಡಿಗೆ ತೇಪೆ ಹಾಕಿದ. ಉಳಿದದ್ದು ಯಾವ ಕೆಲಸಕ್ಕೂ ಸಾಲದಾಯಿತು.

ಅಲ್ಲಾಹನ ವಚನಕ್ಕೆ ಹೊದಿಸಬೇಕಾದದ್ದು ಕಾಲಡಿಗೆ ಹೋಯಿತು. ನಾನು ಗದ್ದೆಗೆ ಹೋಗಿ, ಅಷ್ಟು ಹುಡುಗರ ಎದುರಿಗೇ, ಕಾಗದ ಕತ್ತರಿಸುವ ಕತ್ತಿಯಿಂದ ಚೆಂಡನ್ನು ಸೀಳಿದೆ. ಇನ್ನು ನನ್ನ ಹೊಸ್ತಿಲು ತುಳಿಯಬೇಡ ಎಂದೆ. ಅವನು ಮನೆಗೆ ಬಂದು ಹೊಸ್ತಿಲ ಮೇಲೆ ನಿಂತ. ತಪ್ಪಾಯಿತು ಉಪ್ಪ ಎಂದು ಒಂದು ಮಾತು ಆಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಡಲಿಲ್ಲ. ಬೊಂಬಾಯಿಗೆ ಹೋದ, ಅಲ್ಲಿಂದ ಹಡಗು ಹತ್ತಿದ.

ಆ ಕುರ್‌ಆನ್ ಈಗಲೂ ರಟ್ಟಿಲ್ಲದೆ ಬಟ್ಟೆಯಲ್ಲಿ ಸುತ್ತಿಕೊಂಡು ನನ್ನ ಹಲಗೆಯ ಮೇಲಿದೆ. ಅಂಥದೇ ತೊಗಲು ಸಿಗದೆ ಕಟ್ಟುವುದಿಲ್ಲ ಎಂದು ಉಸ್ತಾದರಿಗೆ ಹೇಳಿದ್ದೇನೆ.

ತಪ್ಪು ಅವನದು. ಮೊದಲು ಅವನು ಬರೆಯಲಿ.

ಅಕ್ಟೋಬರ್ ೨೩, ಶುಕ್ರವಾರ

ಜುಮಾ ನಮಾಜು ಆದ ಮೇಲೆ ಉಸ್ತಾದರನ್ನು ಕೇಳಿದೆ, ಅರಬರು ನಿಜವಾಗಿ ಚೆಂಡು ಒದೆಯುತ್ತಾರಾ ಎಂದು. ಆ ಭಾಷೆ ಮಾತಾಡುವವರು ಬೆಳಗಿನಿಂದ ಸಂಜೆವರೆಗೆ ದೇವರ ಸ್ಮರಣೆಯಲ್ಲೇ ಇರುತ್ತಾರೆ ಎಂದು ನಾನು ತಿಳಿದಿದ್ದೆ.

ಉಸ್ತಾದರು ನಕ್ಕರು. “ಕುಂಞಾಕ, ಅವರು ಅರಬಿಯಲ್ಲಿ ಮೀನಿಗೆ ಚೌಕಾಸಿ ಕೂಡ ಮಾಡ್ತಾರೆ. ಬೈಯುವುದೂ ಅದರಲ್ಲೇ.”

ನನಗೆ ಬೇಸರವಾಯಿತು. ಹಾಗಾದರೆ ನನ್ನ ಮಗ ಹೋದದ್ದು ಯಾವ ದೇಶಕ್ಕೆ?

ನವೆಂಬರ್ ೭

ಶಾಲೆಯ ಹಾಜರಿ ಪುಸ್ತಕಗಳನ್ನು ಕೊಡಲು ನಾನೇ ಹೋದೆ. ಡ್ರಿಲ್ ಮಾಸ್ತರು ರಮಾನಾಥರು ಅಂಗಳದಲ್ಲಿದ್ದರು. ಅವರೇ ಹಸನಬ್ಬನಿಗೆ ಆಟ ಕಲಿಸಿದವರು. ಚೆಂಡು ಸೀಳಿದ ದಿನದಿಂದ ನಾವು ಹೆಚ್ಚು ಮಾತಾಡಿದ್ದಿಲ್ಲ.

“ಒಂದು ಕಡೆಗೆ ಎಷ್ಟು ಜನ ಮಾಸ್ತರೇ?” ಎಂದೆ.

“ಯಾವುದರಲ್ಲಿ?”

“ಅದೇ, ಒದೆಯುವುದರಲ್ಲಿ.”

“ಹನ್ನೊಂದು. ಎಂತ ಬ್ಯಾರಿಗಳೇ, ಸೇರುವ ಅಂದಾಜು ಉಂಟಾ?”

ಗೆರೆ ಏಕೆ ಎಂದು ಕೇಳಿದೆ. ಅವರು ಒಂದು ಕೋಲಿನಿಂದ ನೆಲದಲ್ಲಿ ಗೀಚಿ, ಮೇಲೆ ಒಂದು ಅಡಿಕೆ ಇಟ್ಟರು. “ನೋಡಿ, ಗೆರೆ ಮೇಲೆ ಇದ್ದರೆ ಇದು ಒಳಗೇ ಲೆಕ್ಕ. ಇಡೀ ಚೆಂಡು ದಾಟಿದರೆ ಮಾತ್ರ ಹೊರಗೆ. ನಿಮ್ಮ ಹಸನಬ್ಬ ಗೆರೆ ಮೇಲೆಯೇ ಚೆಂಡು ಓಡಿಸುತ್ತಿದ್ದ. ನೋಡುವವರಿಗೆ ಹೊರಗೆ ಹೋಯಿತು ಅಂತಲೇ ಕಾಣುವುದು. ಹೋಗಿರುತ್ತಿರಲಿಲ್ಲ.”

“ನಾನು ನೋಡಿಲ್ಲ,” ಎಂದೆ.

“ನೋಡಬೇಕಿತ್ತು ಮಾರಾಯ್ರೆ,” ಎಂದು ಅವರು ಅಡಿಕೆಯನ್ನು ಕಿಸೆಗೆ ಹಾಕಿಕೊಂಡರು.

ನವೆಂಬರ್ ೧೩, ಶುಕ್ರವಾರ

ಅಲ್ಲಿ ಇಂದಿನಿಂದ ಶುರು. ಇಲ್ಲಿ ಒಳ್ಳೆಯ ಬಿಸಿಲು. ಅಂಟು ಬೇಗ ಒಣಗುತ್ತದೆ.

ನವೆಂಬರ್ ೧೮

ರಮಾನಾಥ ಮಾಸ್ತರ ಮನೆಯಲ್ಲಿ ರೇಡಿಯೋ ಇದೆ. ಸಂಜೆಯ ಮಗ್ರಿಬ್ ನಮಾಜು ಮುಗಿಸಿ, ಅವರ ಹಳೆಯ ಪುಸ್ತಕ ಏನಾದರೂ ಬೈಂಡಿಗೆ ಇದೆಯಾ ಎಂದು ಕೇಳುವ ನೆವ ಮಾಡಿ ಹೋದೆ. ಅವರಿಗೆ ನೆವ ಬೇಕಾಗಿರಲಿಲ್ಲ. ಸುಮ್ಮನೆ ಕುರ್ಚಿ ಎಳೆದು ಕೊಟ್ಟು ಗುಂಡಿ ತಿರುಗಿಸಿದರು. ಬಹಳ ಹೊತ್ತು ಗರಗರ ಶಬ್ದ. ಆಮೇಲೆ ಅರಬಿ ಬಂತು.

ನಾನು ಕುರ್ಚಿಯಿಂದ ಇಳಿದು ಟೊಪ್ಪಿ ಸರಿಮಾಡಿಕೊಂಡು ಚಾಪೆಯ ಮೇಲೆ ಕೂತೆ. ಅಭ್ಯಾಸ. ಆ ಮನುಷ್ಯ ಎಷ್ಟು ಬೇಗ ಹೇಳುತ್ತಿದ್ದನೆಂದರೆ ನಮ್ಮ ಮದ್ರಸದಲ್ಲಾದರೆ ಬೆತ್ತದ ಏಟು ಖಂಡಿತ. ಒಂದು ಮಾತೂ ಅರ್ಥವಾಗಲಿಲ್ಲ. ಇರಾಕ್ ಎಂದು ಎರಡು ಸಲ ಕೇಳಿಸಿತು. ಇದ್ದಕ್ಕಿದ್ದಂತೆ ಸಾವಿರ ಜನ ಒಟ್ಟಿಗೆ ಕೂಗಿದರು.

“ಗೋಲು,” ಎಂದರು ಮಾಸ್ತರು.

ಆ ಕೂಗಿನಲ್ಲಿ ಅವನೂ ಇದ್ದಿರಬಹುದು. ಮೈದಾನದ ಕೆಲಸದವರನ್ನು ಒಳಗೆ ನಿಲ್ಲಲು ಬಿಡುತ್ತಾರೆ ಎಂದು ಬರೆದಿದ್ದನಲ್ಲ. ಅವನ ಸ್ವರ ಕೇಳದೆ ಮೂರು ವರ್ಷವಾಯಿತು. ಸಾವಿರ ಜನರಲ್ಲಿ ಒಂದನ್ನು ಹೆಕ್ಕಲು ಆಗುತ್ತದೆಯೇ? ಆದರೂ ಕಿವಿ ಹತ್ತಿರ ಇಟ್ಟು ಕೂತೆ.

ಡಿಸೆಂಬರ್ ೬, ಆದಿತ್ಯವಾರ

ಕಕ್ಕಿಂಜೆಯ ಇದಿನಬ್ಬ ರಜೆಯಲ್ಲಿ ಬಂದಿದ್ದಾನೆ. ಹಸನಬ್ಬನ ಕೋಣೆಯಲ್ಲೇ ಇರುವವನು. ಇರಾಕ್ ಗೆದ್ದಿತಂತೆ, ಲಿಬಿಯಾ ಎರಡನೆಯದು, ಕುವೈತ್ ಮೂರು. ಖದೀಜಳಿಗೆ ಸೀರೆ, ಜುಲೈಕಾಳಿಗೆ ಅತ್ತರು, ಎರಡು ಸೇರು ಖರ್ಜೂರ ತಂದಿದ್ದ. ಅರಬಿ ಪತ್ರಿಕೆಯಲ್ಲಿ ಸುತ್ತಿದ ಒಂದು ಸುರುಳಿಯೂ ಇತ್ತು.

“ಇದು ಯಾರಿಗೆ?” ಎಂದಳು ಖದೀಜ.

“ಹೆಸರು ಹೇಳಲಿಲ್ಲ ಉಮ್ಮ. ಮನೆಯಲ್ಲಿ ತೊಗಲಿನ ಕೆಲಸ ಗೊತ್ತಿದ್ದವರಿಗೆ ಕೊಡು ಅಂದ.”

ಅಂಥವರು ಈ ಮನೆಯಲ್ಲಿ ಒಬ್ಬರೇ ಇರುವುದು. ಬಿಚ್ಚಿ ನೋಡಿದೆ. ಆಡಿನ ತೊಗಲು, ಕೆಂಪು ಬಣ್ಣ, ಎಲ್ಲಿಯೂ ಒಂದು ಕಲೆಯಿಲ್ಲ. ಒಂದು ದೊಡ್ಡ ಕುರ್‌ಆನಿಗೆ ಸರಿಯಾಗಿ ಸಾಲುವಷ್ಟು. ಅಳತೆ ಅವನಿಗೆ ಮರೆತಿಲ್ಲ.

ಇದಿನಬ್ಬ ಚಹಾ ಕುಡಿದು ಹೋಗುವವರೆಗೆ ನಾನು ತಲೆ ಎತ್ತಲಿಲ್ಲ. ಅಂಟಿಗೆ ಹುಳ ಬರದಂತೆ ಹಾಕುವ ಮೈಲುತುತ್ತಿನ ಹುಡಿ ಕಣ್ಣಿಗೆ ಬಿದ್ದಿತ್ತು.

ಡಿಸೆಂಬರ್ ೭

ಅರಬಿ ಅಕ್ಷರ ಇರುವ ಕಾಗದವನ್ನು ನಾವು ನೆಲಕ್ಕೆ ಬಿಡುವುದಿಲ್ಲ. ದಾರಿಯಲ್ಲಿ ಚೂರು ಸಿಕ್ಕಿದರೂ ಎತ್ತಿ ಕಣ್ಣಿಗೊತ್ತಿ ಎತ್ತರದಲ್ಲಿ ಇಡುತ್ತೇವೆ. ಸುರುಳಿ ಸುತ್ತಿದ್ದ ಪುಟವನ್ನು ನಯಮಾಡಿ, ಕಣ್ಣಿಗೊತ್ತಿ, ಕುರ್‌ಆನ್ ಇರುವ ಹಲಗೆಯಲ್ಲಿಟ್ಟೆ.

ಜುಲೈಕಾ ನೋಡಿದಳು. “ಉಪ್ಪ, ಅದು ಫುಟ್ಬಾಲಿನ ಪುಟ. ಹಿಂದೆ ಚಿತ್ರ ಉಂಟು ನೋಡಿ.”

ಹೌದು. ಮೊಣಕಾಲು ತೋರುವ ಚಡ್ಡಿ ಹಾಕಿದ ಗಂಡಸರು. ಇಳಿಸೋಣ ಎಂದು ಕೈ ಹಾಕಿದೆ. ಅಕ್ಷರ ಅದೇ ಅಲ್ಲವೇ ಎನಿಸಿತು. ಚಿತ್ರ ಒಳಗೆ ಬರುವಂತೆ ಮಡಚಿ ಅಲ್ಲಿಯೇ ಇಟ್ಟೆ.

ಸಂಜೆ ಉಸ್ತಾದರಲ್ಲಿ ಓದಿಸಿದೆ. ಯಾರು ಯಾರನ್ನು ಸೋಲಿಸಿದರು ಎಂಬುದೇ ಎಲ್ಲ. ಗೆರೆ ಎಳೆದವರ ವಿಷಯ ಏನಾದರೂ ಇದೆಯಾ ಎಂದೆ.

“ಅವರ ಸುದ್ದಿ ಪೇಪರಿನಲ್ಲಿ ಹಾಕುವುದಿಲ್ಲ ಕುಂಞಾಕ.”

ಆದರೆ ಚಿತ್ರದಲ್ಲಿ ಆಟಗಾರನ ಕಾಲ ಹತ್ತಿರ ಬಿಳಿ ಗೆರೆ ಕಾಣುತ್ತದೆ. ಮನೆಗೆ ಬಂದು ಅಡಿಕೋಲು ಇಟ್ಟು ನೋಡಿದೆ. ಕೂದಲೆಳೆಯಷ್ಟೂ ಓರೆಯಿಲ್ಲ.

ಡಿಸೆಂಬರ್ ೧೪

ಕಾಗದ ಬರೆಯಲು ಕೂತೆ. ‘ಮಗನೇ’ ಎಂದು ಬರೆದೆ. ಮುಂದೆ ಹೋಗಲಿಲ್ಲ.

ಬರಿಗೈಯಲ್ಲಿ ಬರೆಯುವುದು ನನಗೆ ಸರಿಬರುವುದಿಲ್ಲ. ಮೊದಲು ಕುರ್‌ಆನ್ ಕಟ್ಟಿ ಮುಗಿಸುತ್ತೇನೆ. ‘ನೀನು ಕಳಿಸಿದ ತೊಗಲು ಹೊದಿಸಿ ಪಳ್ಳಿಗೆ ಕೊಟ್ಟಾಯಿತು’ ಎಂದು ಬರೆದರೆ ಉಳಿದದ್ದು ಅವನಿಗೇ ತಿಳಿಯುತ್ತದೆ. ಹಳೆಯ ದಾರ ಕೊಳೆತಿದೆ, ಎಲ್ಲ ಬಿಚ್ಚಿ ಹೊಸದಾಗಿ ಹೊಲಿಯಬೇಕು. ಆಮೇಲೆ ಪ್ರೆಸ್ಸಿನಲ್ಲಿ ಒತ್ತಿಡಬೇಕು. ತೊಗಲು ಕೊನೆಗೆ. ಒಂದು ತಿಂಗಳ ಕೆಲಸ. ಮೂರು ವರ್ಷ ಕಾದವನು ಒಂದು ತಿಂಗಳು ಕಾಯುತ್ತಾನೆ.

ಡಿಸೆಂಬರ್ ೨೯

ಹೊಲಿಗೆ ಮುಗಿದು ಪ್ರೆಸ್ಸಿಗೆ ಹಾಕಿದ್ದೇನೆ.

“ಒಂದು ಕಾಗದ ಹಾಕಿ ಬಿಡಿ ಈಗ,” ಎಂದಳು ಖದೀಜ.

“ಅಂಟು ಒಣಗದೆ ಬಿಚ್ಚಲಿಕ್ಕಿಲ್ಲ.”

“ನಾನು ಪುಸ್ತಕದ ವಿಷಯ ಹೇಳಿದ್ದಲ್ಲ,” ಎಂದು ಒಳಗೆ ಹೋದಳು.

೧೯೬೫ ಜನವರಿ ೮, ಶುಕ್ರವಾರ

ರಂಜಾನಿನ ಉಪವಾಸ ಶುರುವಾಗಿದೆ. ತೊಗಲು ಹೊದಿಸುವುದು ಇನ್ನೂ ಬಾಕಿ. ಆದರೆ ನಿನ್ನೆ ಸಂಜೆ ಉಪವಾಸ ಬಿಡುವಾಗ ಜುಲೈಕಾ ಅವನ ಖರ್ಜೂರ ಮುಂದಿಟ್ಟಳು. ಒಂದು ತಿಂದು ಬೀಜವನ್ನು ಕಿಸೆಗೆ ಹಾಕಿಕೊಂಡೆ. ಇಂದು ಬೆಳಿಗ್ಗೆ ಕೂತು ಒಂದೇ ಉಸಿರಿಗೆ ಬರೆದು ಮುಗಿಸಿದೆ. ವಿಳಾಸವನ್ನು ರಮಾನಾಥ ಮಾಸ್ತರಲ್ಲಿ ಇಂಗ್ಲಿಷಿನಲ್ಲಿ ಬರೆಸಿದೆ. ಉಪವಾಸದ ಬಾಯಲ್ಲಿ ಲಕೋಟೆ ನೆಕ್ಕುವಂತಿಲ್ಲ, ನನ್ನ ಅಂಟನ್ನೇ ಹಚ್ಚಿದೆ. ಬಿಚ್ಚಬೇಕಾದರೆ ಅವನು ಹರಿಯಲೇ ಬೇಕು.

ಅಂಚೆ ಪೆಟ್ಟಿಗೆಗೆ ನಾನೇ ಹಾಕಿದೆ. ಬರುವಾಗ ಹೊಳೆಯ ಬದಿಯ ದಾರಿಯಲ್ಲಿ ಬಂದೆ. ಮನಸ್ಸು ಹಗುರವಾಗಿದೆ. ರಜೆಯಲ್ಲಿ ಬಂದರೆ ಅವನಿಗೆ ಯಾವ ಕೋಣೆ ಕೊಡುವುದು?

ಜನವರಿ ೧೧

ಪೋಸ್ಟಿನ ಚನಿಯಪ್ಪ ತಂತಿ ತಂದ. ಇಂಗ್ಲಿಷಿನಲ್ಲಿತ್ತು, ಒಯ್ದು ಕೊಟ್ಟಾಗ ರಮಾನಾಥ ಮಾಸ್ತರು ಓದಿದರು. ಓದಿ ನನ್ನ ಮುಖ ನೋಡಲಿಲ್ಲ, ಕೈ ಹಿಡಿದುಕೊಂಡರು. ಗುರುವಾರ ಬೆಳಿಗ್ಗೆ ನೀರಿನ ಲಾರಿ ಮಗುಚಿದೆ. ಅಲ್ಲಿಯೇ ದಫನ ಮಾಡಿದ್ದಾರೆ.

ನನ್ನ ಮಗ ಸತ್ತ.

ಜನವರಿ ೧೨

ಗುರುವಾರ ಎಂದರೆ ಏಳನೆಯ ತಾರೀಕು. ನಾನು ಕಾಗದ ಹಾಕಿದ್ದು ಎಂಟಕ್ಕೆ. ಡಿಸೆಂಬರ್ ಹದಿನಾಲ್ಕಕ್ಕೆ ಹಾಕಿದ್ದರೆ ಸಿಗುತ್ತಿತ್ತು. ಇಪ್ಪತ್ತಕ್ಕೆ ಹಾಕಿದ್ದರೂ ಸಿಗುತ್ತಿತ್ತು.

ಜನವರಿ ೧೫

ಅಂಟು ಹುಳಿ ಬಂದಿತ್ತು. ಚೆಲ್ಲಿದೆ.

ಜನವರಿ ೨೨, ಶುಕ್ರವಾರ

ಅವನ ಹೆಸರಲ್ಲಿ ಕುರ್‌ಆನಿನ ಯಾಸೀನ್ ಅಧ್ಯಾಯ ಓದಿದೆ. ಖದೀಜ ಗೋಡೆಗೆ ಒರಗಿ ಕೂತಿದ್ದಳು. ಅವಳು ಈವರೆಗೆ ಅತ್ತಿಲ್ಲ.

ಓದಿ ಆದ ಮೇಲೆ ಏಳಲು ಮನಸ್ಸಾಗದೆ ಆ ಪತ್ರಿಕೆಯ ಪುಟ ತೆಗೆದೆ. ಅವನು ತನ್ನ ಕೈಯಿಂದ ಮಡಚಿದ ಕಾಗದ. ಕುರ್‌ಆನಿನಲ್ಲಿ ಇರುವ ಹಾಗೆ ಸ್ವರದ ಗುರುತುಗಳು ಇದರಲ್ಲಿಲ್ಲ, ಆದ್ದರಿಂದ ಒಂದೊಂದೇ ಅಕ್ಷರ ಕೂಡಿಸಿ ಮೆಲ್ಲಗೆ ಓದುತ್ತಾ ಹೋದೆ. ಕುವೈತ್ ಎಂಬುದನ್ನು ಹೇಗೆ ಬರೆಯುತ್ತಾರೆ ಎಂದು ಉಸ್ತಾದರು ತೋರಿಸಿಕೊಟ್ಟಿದ್ದರು. ಅದು ಒಂಬತ್ತು ಕಡೆ ಸಿಕ್ಕಿತು. ಸಿಕ್ಕಿದಲ್ಲೆಲ್ಲ ನನ್ನ ಸ್ವರ ನಿಂತಿತು.

ತಲೆ ಎತ್ತಿದಾಗ ಖದೀಜ ಎರಡೂ ಕೈ ಎತ್ತಿ ಹಿಡಿದಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ತಂತಿ ಬಂದ ದಿನದಿಂದ ಮೊದಲ ಸಲ ಅತ್ತಳು. ನಾನು ಪುಟದ ಕೊನೆಗೆ ಬಂದು ನಿಲ್ಲಿಸಿದಾಗ ಆಮೀನ್ ಎಂದಳು.

ಅದು ಇರಾಕ್ ಲಿಬಿಯಾದವರ ಆಟದ ಸುದ್ದಿ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನಾನೂ ಆಮೀನ್ ಎಂದೆ. ತಪ್ಪಿದ್ದರೆ ಅಲ್ಲಾಹನು ನನ್ನ ಲೆಕ್ಕಕ್ಕೆ ಹಾಕಲಿ, ಅವಳದಕ್ಕೆ ಬೇಡ.

ಫೆಬ್ರವರಿ ೪

ಹಬ್ಬ ಕಳೆಯಿತು.

ಫೆಬ್ರವರಿ ೧೭

ಚನಿಯಪ್ಪ ಬಾಗಿಲಲ್ಲಿ ನಿಂತು, “ಬ್ಯಾರಿಗಳೇ, ಒಂದು ಕಾಗದ ಹಿಂದೆ ಬಂದಿದೆ,” ಎಂದ. ಚೀಲದಿಂದ ತೆಗೆಯಲು ಅವನಿಗೆ ಬಹಳ ಹೊತ್ತು ಬೇಕಾಯಿತು. ನನ್ನದೇ ಲಕೋಟೆ. ನನ್ನ ಅಂಟು ಹಾಗೆಯೇ ಹಿಡಿದುಕೊಂಡಿತ್ತು.

ಬೆಂಕಿಗೆ ಹಾಕುವ ಎಂದು ಎದ್ದೆ. ಖದೀಜ ಒಲೆಯ ಮುಂದೆ ಅಡ್ಡ ನಿಂತಳು. “ಎಂತ ಬರೆದಿದ್ದೀರಿ ಅಂತ ನನಗೆ ಗೊತ್ತಾಗಬೇಕು.”

ಜುಲೈಕಾಳ ಕೈಗೆ ಕೊಟ್ಟೆ. ಅವಳು ಅಂಚು ಹರಿದಳು. ತಾಯಿ ಯಾವಾಗಲೂ ಕೂರುವಲ್ಲಿ ಕೂತಳು. ನಾನು ಬೆನ್ನು ತಿರುಗಿಸಿ ಕೂತೆ. ಕೈಯಲ್ಲಿ ಕೆಲಸ ಇರಲಿಲ್ಲ.

‘ಮಗನೇ ಹಸನಬ್ಬ, ತೊಗಲು ತಲುಪಿತು. ಒಳ್ಳೆಯದಿದೆ, ನಾನೇ ಹೋಗಿ ಆರಿಸಿದ್ದರೂ ಇಂಥದು ಸಿಗುತ್ತಿರಲಿಲ್ಲ. ನೀನು ಎಳೆದ ಗೆರೆಯನ್ನು ಪೇಪರಿನ ಚಿತ್ರದಲ್ಲಿ ನೋಡಿದೆ. ನೇರವಾಗಿದೆ. ಆ ದಿನದ ತಪ್ಪು ನಿನ್ನದು ಅರ್ಧ, ನನ್ನದು ಅರ್ಧ. ಅರ್ಧ ಎಂದದ್ದನ್ನು ಹೊಡೆದು ಹಾಕಿದ್ದೇನೆ, ನೋಡು. ಹೆಚ್ಚು ನನ್ನದೇ. ಗೆರೆಯ ಮೇಲೆ ಇರುವ ಚೆಂಡು ಹೊರಗೆ ಹೋದ ಲೆಕ್ಕವಲ್ಲ ಎಂದು ರಮಾನಾಥ ಮಾಸ್ತರು ಹೇಳಿದರು. ನೀನೂ ಆ ದಿನ ಹೊಸ್ತಿಲ ಮೇಲೆಯೇ ನಿಂತಿದ್ದೆ. ನಾನು ಸರಿಯಾಗಿ ನೋಡಲಿಲ್ಲ. ರಜೆ ಸಿಕ್ಕಿದ ಕೂಡಲೇ ಮನೆಗೆ ಬಾ. ನಿನ್ನ ಉಪ್ಪ.’

ಕೊನೆಯ ಸಾಲಿಗೆ ಬಂದಾಗ ಜುಲೈಕಾ ಕಾಗದ ಮಡಚಿದಳು. ತಾಯಿಯ ಮುಖ ನೋಡಿ, ಮತ್ತೆ ಬಿಚ್ಚಿ ಓದಿದಳು.

“ಇಷ್ಟು ಬರೆಯಲಿಕ್ಕೆ ಬರುವವರು,” ಎಂದಳು ಖದೀಜ, “ಮೂರು ವರ್ಷ ಎಂತ ಮಾಡಿದಿರಿ?”

ಅವಳು ಅಟ್ಟಕ್ಕೆ ಹತ್ತಿ, ಅಕ್ಕಿ ಕಟ್ಟಿಡುವ ಹಳೆಯ ಮುಡಿಯ ಹುಲ್ಲಿನಿಂದ ಏನನ್ನೋ ತೆಗೆದು ತಂದು ನನ್ನ ಹಲಗೆಯ ಮೇಲೆ ಇಟ್ಟಳು. ನಾನು ಸೀಳಿದ ಚೆಂಡು. ಗದ್ದೆಯಿಂದ ಅದನ್ನು ಯಾವಾಗ ಹೆಕ್ಕಿ ತಂದಿದ್ದಳೋ. ಅವನು ಹಾಕಿದ ತೇಪೆ ಹಾಗೆಯೇ ಇತ್ತು. ಹೊಲಿಗೆ ನೋಡಿದೆ. ನನ್ನದೇ ಹೊಲಿಗೆ, ನಾನು ಕಲಿಸಿದ್ದು. ಕತ್ತಿ ಅದರ ಪಕ್ಕದಿಂದ ಹೋಗಿದೆ, ಹೊಲಿಗೆ ಬಿಟ್ಟಿಲ್ಲ.

ಫೆಬ್ರವರಿ ೨೦

ಉಸ್ತಾದರ ಹತ್ತಿರ ಹೋಗಿ, ಕುರ್‌ಆನಿಗೆ ತೊಗಲು ಹೊದಿಸಲು ಆಗುವುದಿಲ್ಲ, ಕಪ್ಪು ಕ್ಯಾಲಿಕೋ ಬಟ್ಟೆಯಲ್ಲಿ ಕಟ್ಟಿಕೊಡುತ್ತೇನೆ ಎಂದೆ.

“ಮಗ ಕಳಿಸಿದ ತೊಗಲು ಬಂದಿದೆ ಅಂದಿದ್ದಿರಿ.”

“ಬಂದಿದೆ. ಬೇರೆ ಕೆಲಸಕ್ಕೆ ಬೇಕು.”

ಯಾವ ಕೆಲಸ ಎಂದು ಕೇಳಿದರು. ಹೇಳಿದೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಬೈಯದೆ, “ಬಟ್ಟೆ ಸಾಕು ಕುಂಞಾಕ. ಓದುವುದು ಒಳಗೆ ಇರುವುದನ್ನು,” ಎಂದರು.

ತೊಗಲನ್ನು ನಡುವಿನಿಂದಲೇ ಕತ್ತರಿಸಿದೆ. ಬದಿಯ ತೊಗಲು ಜಗ್ಗುತ್ತದೆ, ನಡುವಿನದು ಜಗ್ಗುವುದಿಲ್ಲ. ಹುಡುಗ ಅಂದೂ ಅದಕ್ಕೇ ನಡುವಿನಿಂದ ತೆಗೆದದ್ದು. ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ.

ಫೆಬ್ರವರಿ ೨೮, ಆದಿತ್ಯವಾರ

ಐದು ದಿನ ಹೊಲಿದೆ. ಮೇಣ ಹಚ್ಚಿದ ದಾರ, ಎರಡೆಳೆ. ಅವನ ತೇಪೆಯನ್ನು ಬಿಚ್ಚಲಿಲ್ಲ, ಅದರ ಬದಿಗೇ ನನ್ನದನ್ನು ಕೂಡಿಸಿದೆ. ರಮಾನಾಥ ಮಾಸ್ತರು ಮಂಗಳೂರಿನಿಂದ ಚೆಂಡಿನೊಳಗೆ ಹಾಕುವ ರಬ್ಬರಿನ ಬ್ಲಾಡರ್ ತಂದು ಗಾಳಿ ತುಂಬಿದರು. ಕೆಂಪು ಭಾಗ ಸ್ವಲ್ಪ ಎದ್ದು ಕಾಣುತ್ತದೆ.

ಇಂದು ಸಂಜೆ ಅದೇ ಗದ್ದೆಯಲ್ಲಿ ಮೂಡಬಿದಿರೆಯವರ ಜೊತೆ ಆಟ. ನಾನು ಬದುವಿನ ಮೇಲೆ ನಿಂತಿದ್ದೆ. ಯಾರೂ ಏನೂ ಕೇಳಲಿಲ್ಲ, ಸ್ವಲ್ಪ ಸರಿದು ಜಾಗ ಕೊಟ್ಟರು. ಅರ್ಧ ಆಟದಲ್ಲಿ ಚೆಂಡು ಗೆರೆ ದಾಟಿ ಉರುಳಿ ಬಂದು ನನ್ನ ಕಾಲಿಗೆ ತಾಗಿ ನಿಂತಿತು.

“ಒದೀರಿ ಬ್ಯಾರಿಗಳೇ,” ಎಂದು ಮಾಸ್ತರು ದೂರದಿಂದ ಕೂಗಿದರು.

ನನ್ನಿಂದ ಆಗಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಮಣ್ಣು ಒರೆಸಿದೆ. ಕಣ್ಣಿಗೊತ್ತಿಕೊಂಡೆನೆಂದು ದೂರ ನಿಂತು ನೋಡಿದ್ದ ಜುಲೈಕಾ ಆಮೇಲೆ ಹೇಳಿದಳು, ನನಗೆ ನೆನಪಿಲ್ಲ. ನಡೆದುಕೊಂಡು ಹೋಗಿ ಸುಣ್ಣದ ಗೆರೆಯ ಮೇಲೆ ಇಟ್ಟೆ. ಗೆರೆ ಓರೆ ಇತ್ತು. ನಮ್ಮವರಿಗೆ ನೇರ ಎಳೆಯಲು ಬರುವುದಿಲ್ಲ.

ಬಾಗಿಲಲ್ಲಿ ಖದೀಜ ಕಾಯುತ್ತಿದ್ದಳು.

“ಹೊಲಿಗೆ ನಿಂತಿತಾ?”

“ನಿಂತಿತು,” ಎಂದೆ. ಅವನು ನಿಂತಿದ್ದ ಜಾಗದಲ್ಲಿ, ಹೊಸ್ತಿಲ ಮೇಲೆ, ಸ್ವಲ್ಪ ಹೊತ್ತು ನಿಂತೆ. ಖದೀಜ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡಳು. ಆ ದಿನ ನಾನು ಮಾಡಬೇಕಾಗಿದ್ದದ್ದು ಇಷ್ಟೇ.